ಶ್ರವಣಶಕ್ತಿ ಕುಗ್ಗುತ್ತಿರುವ ಫಾರ್ಮಸಿಸ್ಟ್ ಕೌಂಟರ್ ಬಿಡಬೇಕೇ?

ಪ್ರಶ್ನೆ

ನಾನು ಔಷಧಾಲಯವೊಂದರಲ್ಲಿ ಫಾರ್ಮಸಿಸ್ಟ್ ಆಗಿ ಕೆಲಸ ಮಾಡುತ್ತಿದ್ದೇನೆ. ಕೆಲವು ವರ್ಷಗಳಿಂದ ನನ್ನ ಎರಡೂ ಕಿವಿಗಳ ಶ್ರವಣಶಕ್ತಿ ಕುಗ್ಗುತ್ತ ಬಂದಿದೆ. ಶ್ರವಣಸಾಧನ ಹಾಕಿಕೊಂಡರೆ ಎದುರಿಗೆ ನಿಂತವರ ಮಾತು ಚೆನ್ನಾಗಿಯೇ ತಿಳಿಯುತ್ತದೆ. ತೊಡಕಾಗುವುದು ಎರಡು ಸಂದರ್ಭಗಳಲ್ಲಿ: ವೈದ್ಯರು ಫೋನಿನಲ್ಲಿ ಹೇಳುವ ಔಷಧಗಳನ್ನು ಬರೆದುಕೊಳ್ಳುವಾಗ, ಮತ್ತು ಜನ ಹೆಚ್ಚಿರುವ ಹೊತ್ತಿನಲ್ಲಿ ಮಾಸ್ಕ್ ಧರಿಸಿದ ರೋಗಿಗಳು ಮಾತನಾಡುವಾಗ. ಚೀಟಿಯ ಪರಿಶೀಲನೆ, ಔಷಧಗಳ ಪರಸ್ಪರ ಪ್ರಭಾವವನ್ನು ಗಮನಿಸುವುದು, ವಿತರಣೆಗೆ ಮುನ್ನ ಮಾಡುವ ಕೊನೆಯ ತಪಾಸಣೆ, ಇವುಗಳಲ್ಲಿ ಯಾವ ಕುಂದೂ ಬಂದಿಲ್ಲ. ಆದರೂ, ಫೋನ್ ತೆಗೆದುಕೊಳ್ಳಲಾಗದವರು ಈ ಕೆಲಸದಲ್ಲಿ ಎಷ್ಟು ದಿನ ಇರಬಹುದು ಎಂಬ ಮಾತು ಸಹೋದ್ಯೋಗಿಗಳಿಂದ ಬಂದಿದೆ.

ಇದನ್ನು ಮೇಲಧಿಕಾರಿಗೆ ತಿಳಿಸಬೇಕೇ? ತಿಳಿಸಿದರೆ ಯಾವ ಅನುಕೂಲಗಳನ್ನು ಕೇಳುವುದು ನ್ಯಾಯವಾದೀತು? ಅಥವಾ ರೋಗಿಗಳೊಡನೆ ಮಾತುಕತೆ ಕಡಿಮೆಯಿರುವ ವಿಭಾಗಕ್ಕೆ ಈಗಲೇ ಹೋಗುವುದು ಒಳ್ಳೆಯದೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಆಸ್ಪತ್ರೆಯ ಔಷಧಾಲಯದಲ್ಲಿರುವ, ಶ್ರವಣಸಾಧನ ಬಳಸುವ ಫಾರ್ಮಸಿಸ್ಟ್

ಈಗಲೇ ಕೌಂಟರ್ ಬಿಡುವ ಯೋಚನೆ ಬೇಡ ಎಂದು ಮೊದಲೇ ಹೇಳಿಬಿಡುತ್ತೇನೆ. ತೊಡಕು ಎಲ್ಲಿದೆ ಎಂಬುದನ್ನು ನೀವೇ ಇಷ್ಟು ಖಚಿತವಾಗಿ ಗುರುತಿಸಿದ್ದೀರಿ. ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ಫೋನಿನ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ. ಶ್ರವಣದೋಷವಿರುವ ಬಹುತೇಕರಲ್ಲಿ ಮೊದಲು ಮಸುಕಾಗುವುದು ಸ, ಫ, ತ ಮುಂತಾದ ವ್ಯಂಜನಗಳ ಮೇಲುಸ್ಥಾಯಿಯ ಧ್ವನಿ. ಮಾಸ್ಕ್ ಕೂಡ ಇದೇ ಧ್ವನಿಗಳನ್ನು ತಗ್ಗಿಸುತ್ತದೆ, ಜೊತೆಗೆ ತುಟಿಗಳನ್ನೂ ಮರೆಮಾಡುತ್ತದೆ. ಆದರೆ ಹೈಡ್ರಾಲಜೀನ್ ಮತ್ತು ಹೈಡ್ರಾಕ್ಸಿಜೀನ್ ಎಂಬ ಹೆಸರುಗಳನ್ನು ಫೋನಿನಲ್ಲಿ ಬೇರ್ಪಡಿಸುವುದು ಚೆನ್ನಾಗಿ ಕೇಳಿಸುವವರಿಗೂ ಸುಲಭವಲ್ಲ. ಒಂದು ರಕ್ತದೊತ್ತಡ ಇಳಿಸುವ ಔಷಧ, ಇನ್ನೊಂದು ತುರಿಕೆಗೂ ಆತಂಕಕ್ಕೂ ಕೊಡುವಂಥದ್ದು. ಫಿಫ್ಟೀನ್ ಮತ್ತು ಫಿಫ್ಟಿಯ ನಡುವಿನ ಗೊಂದಲವೂ ಅಷ್ಟೇ ಹಳೆಯದು. ಆದ್ದರಿಂದಲೇ ಮೌಖಿಕ ಆದೇಶವನ್ನು ಬರೆದುಕೊಂಡು, ಹೆಸರಿನ ಅಕ್ಷರಗಳನ್ನು ಬಿಡಿಬಿಡಿಯಾಗಿ, ಪ್ರಮಾಣವನ್ನು ಒಂದು-ಐದು, ಐದು-ಸೊನ್ನೆ ಎಂದು ಅಂಕಿ ಅಂಕಿಯಾಗಿ ಮರಳಿ ಓದಿ ಹೇಳಿ, ವೈದ್ಯರಿಂದ ಹೌದು ಎನಿಸಿಕೊಳ್ಳುವ ಪದ್ಧತಿ ಬೆಳೆದು ಬಂದಿದೆ. ನೀವು ಕೇಳಬೇಕಾದ ಮೊದಲ ಅನುಕೂಲ ಇದೇ: ತುರ್ತು ಅಲ್ಲದ ಆದೇಶಗಳೆಲ್ಲ ಲಿಖಿತವಾಗಿ ಅಥವಾ ಎಲೆಕ್ಟ್ರಾನಿಕ್ ರೂಪದಲ್ಲಿ ಬರಲಿ, ಫೋನಿನಲ್ಲಿ ಬಂದದ್ದನ್ನು ಮರಳಿ ಓದುವುದು ಔಷಧಾಲಯದ ಎಲ್ಲರಿಗೂ ಅನ್ವಯಿಸಲಿ. ನಿಯಮ ಎಲ್ಲರದ್ದಾದರೆ ನಿಮ್ಮೊಬ್ಬರ ಮೇಲೆ ಬೆರಳು ತೋರಿಸುವವರಿರುವುದಿಲ್ಲ, ರೋಗಿಗೂ ರಕ್ಷಣೆ ಸಿಗುತ್ತದೆ.

ಇದರ ಜೊತೆಗೆ ಮಾತನ್ನು ಪರದೆಯ ಮೇಲೆ ಅಕ್ಷರವಾಗಿ ತೋರಿಸುವ ಫೋನ್ ಇದೆ. ಕರೆಯ ಧ್ವನಿಯನ್ನು ನೇರವಾಗಿ ಶ್ರವಣಸಾಧನಕ್ಕೆ ಕಳುಹಿಸುವ ಬ್ಲೂಟೂತ್ ವ್ಯವಸ್ಥೆಯೂ ಇದೆ. ಒಂದು ಎಚ್ಚರಿಕೆ: ಪರದೆಯ ಮೇಲೆ ಮೂಡುವ ಔಷಧಗಳ ಹೆಸರು ಎಷ್ಟೋ ಸಲ ತಪ್ಪಾಗಿರುತ್ತದೆ, ಆದ್ದರಿಂದ ಅದು ಮರಳಿ ಓದುವುದಕ್ಕೆ ಬದಲಿಯಾಗದು. ರೋಗಿಗಳೊಡನೆ ಮಾತನಾಡಲು ಕೌಂಟರಿನ ಒಂದು ತುದಿಯಲ್ಲಿ, ಗದ್ದಲದಿಂದ ದೂರವಾಗಿ, ಮುಖಕ್ಕೆ ಬೆಳಕು ಬೀಳುವಂಥ ಜಾಗವನ್ನು ಕೇಳಿ. ರೋಗಿಯ ಗೋಪ್ಯತೆಗೂ ಅದು ಒಳ್ಳೆಯದು.

ಉತ್ತರ 2: ಔಷಧಾಲಯದ ವ್ಯವಸ್ಥಾಪಕ

ಮನವಿಗಳನ್ನು ಸ್ವೀಕರಿಸುವ ಕಡೆಯಿಂದ ಬರೆಯುತ್ತಿದ್ದೇನೆ. ನಿಮ್ಮ ಪತ್ರದಲ್ಲಿ ರೋಗನಿರ್ಣಯದ ವಿವರ ಕಡಿಮೆಯಿರಲಿ, ಕೆಲಸದ ವಿವರ ಹೆಚ್ಚಿರಲಿ. ಶ್ರವಣನಷ್ಟ ಎಷ್ಟು ಡೆಸಿಬಲ್ ಎಂದು ತಿಳಿದುಕೊಂಡು ನಾನು ಮಾಡಬಹುದಾದದ್ದು ಏನೂ ಇಲ್ಲ. ಆದರೆ ಸಂಜೆಯ ಪಾಳಿಯಲ್ಲಿ ಒಬ್ಬರೇ ಇರುವಾಗ ಫೋನಿನ ಆದೇಶಗಳನ್ನು ಖಚಿತಪಡಿಸಿಕೊಳ್ಳುವುದು ಕಷ್ಟ, ಆ ಹೊತ್ತಿಗೆ ಇನ್ನೊಬ್ಬ ಫಾರ್ಮಸಿಸ್ಟ್ ಜೊತೆಗಿರುವಂತೆ ಪಾಳಿ ಹೊಂದಿಸಬಹುದೇ ಎಂದು ಬರೆದರೆ ಅದಕ್ಕೆ ಉತ್ತರ ಕೊಡಬಲ್ಲೆ.

ಕಾನೂನಿನ ನೆಲೆಯೂ ಗಟ್ಟಿಯಾಗಿದೆ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 2ನೇ ವಿಧಿಯು, ಮಿತಿಮೀರಿದ ಹೊರೆಯಾಗದಂತೆ ಮಾಡಬಹುದಾದ ಸಮಂಜಸ ಹೊಂದಾಣಿಕೆಯನ್ನು ನಿರಾಕರಿಸುವುದೇ ತಾರತಮ್ಯ ಎನ್ನುತ್ತದೆ. 27ನೇ ವಿಧಿ ಅದನ್ನು ಉದ್ಯೋಗದ ಸ್ಥಳಕ್ಕೆ ಅನ್ವಯಿಸುತ್ತದೆ. ಅಮೆರಿಕದ 1990ರ ಕಾಯ್ದೆ, ಬ್ರಿಟನ್ನಿನ 2010ರ ಸಮಾನತಾ ಕಾಯ್ದೆ, ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಇವೆಲ್ಲದರಲ್ಲೂ ಈ ತತ್ತ್ವ ಇದೆ.

ಆದರೆ ಅದಕ್ಕೆ ಒಂದು ಗಡಿಯೂ ಇದೆ. ಅಮೆರಿಕದ ದೊಡ್ಡ ಔಷಧಾಲಯ ಸರಣಿಯೊಂದು 2011ರಲ್ಲಿ ತನ್ನ ಫಾರ್ಮಸಿಸ್ಟರೆಲ್ಲ ಲಸಿಕೆಯ ಚುಚ್ಚುಮದ್ದು ಹಾಕಬೇಕೆಂದು ನಿಯಮ ಮಾಡಿತು. ಸೂಜಿಯ ತೀವ್ರ ಭಯವಿದ್ದ ಅನುಭವಿ ಫಾರ್ಮಸಿಸ್ಟರೊಬ್ಬರು ಕೆಲಸ ಕಳೆದುಕೊಂಡು ದಾವೆ ಹೂಡಿದರು. ಜ್ಯೂರಿ ಅವರ ಪರವಾಗಿ ತೀರ್ಪು ಕೊಟ್ಟಿತಾದರೂ, 2017ರಲ್ಲಿ ಮೇಲ್ಮನವಿ ನ್ಯಾಯಾಲಯವು ಲಸಿಕೆ ಹಾಕುವುದು ಆ ಹುದ್ದೆಯ ಅತ್ಯಗತ್ಯ ಕರ್ತವ್ಯ ಎಂದು ಹೇಳಿ ಅದನ್ನು ತಿರುಗಿಸಿತು. ಆ ತೀರ್ಪು ನನಗೆ ಹಿತವೆನಿಸಲಿಲ್ಲ, ಆದರೆ ಅದು ಕಲಿಸುವ ಪಾಠವನ್ನು ಬಿಡುವಂತಿಲ್ಲ: ಒಂದು ಕರ್ತವ್ಯವನ್ನೇ ತೆಗೆದುಹಾಕಿ ಎಂದು ಕೇಳುವುದಕ್ಕಿಂತ, ಅದೇ ಕರ್ತವ್ಯವನ್ನು ಬೇರೆ ವಿಧಾನದಲ್ಲಿ ಮಾಡುತ್ತೇನೆ ಎಂದು ಕೇಳುವ ಮನವಿಗೆ ಬಲ ಹೆಚ್ಚು. ನೀವು ಫೋನ್ ಬೇಡವೆನ್ನುತ್ತಿಲ್ಲ, ಆದೇಶವನ್ನು ಸುರಕ್ಷಿತವಾಗಿ ಪಡೆಯುವ ದಾರಿಯನ್ನು ಕೇಳುತ್ತಿದ್ದೀರಿ. ಪತ್ರದಲ್ಲಿ ಅದನ್ನು ಹಾಗೆಯೇ ಬರೆಯಿರಿ. ನಿಮ್ಮ ಹುದ್ದೆಯ ಕರ್ತವ್ಯಪಟ್ಟಿಯ ಪ್ರತಿಯನ್ನು ಮೊದಲೇ ತರಿಸಿಕೊಂಡು ಓದಿ.

ಉತ್ತರ 3: ಗಾಲಿಕುರ್ಚಿ ಬಳಸುವ ಫಾರ್ಮಸಿಸ್ಟ್

ನನ್ನ ಅಂಗವೈಕಲ್ಯ ಬೇರೆ, ಆದರೂ ಒಂದು ಮಾತು ಸೇರಿಸುತ್ತೇನೆ. ನಾನು ಎತ್ತರ ಬದಲಿಸಬಹುದಾದ ಮೇಜನ್ನೂ, ಹೆಚ್ಚು ಓಡುವ ಔಷಧಗಳನ್ನು ಕೈಗೆಟಕುವ ಸಾಲಿನಲ್ಲಿ ಇಡುವುದನ್ನೂ ಕೇಳಿದಾಗ ಯಾರೂ ಅಡ್ಡಿ ಹೇಳಲಿಲ್ಲ. ಆದರೆ ಚುಚ್ಚುಮದ್ದುಗಳನ್ನು ಸಿದ್ಧಪಡಿಸುವ ಕೋಣೆಯಲ್ಲಿ ಗಾಳಿ ಶುದ್ಧೀಕರಿಸುವ ಕ್ಯಾಬಿನೆಟ್ಟಿನ ಕೆಳಗೆ ಮೊಣಕಾಲು ತೂರಿಸಲು ಜಾಗವಿರಲಿಲ್ಲ. ಆ ಒಂದು ಸಂಗತಿಯನ್ನು ಯಾರೂ ಅಳೆದು ನೋಡದ ಕಾರಣ, ಆ ವಿಭಾಗದ ತರಬೇತಿಯೇ ನನ್ನ ಕೈತಪ್ಪುವುದರಲ್ಲಿತ್ತು. ಆದ್ದರಿಂದ ಇಂದಿನ ಕೆಲಸಕ್ಕೆ ಮಾತ್ರವಲ್ಲದೆ, ತರಬೇತಿ, ಸಭೆ, ಬಡ್ತಿಯ ಸಂದರ್ಶನ ಇವುಗಳಿಗೂ ಬೇಕಾದುದನ್ನು ಈಗಲೇ ಬರೆದು ಕೇಳಿ. ನಿಮ್ಮ ವಿಷಯದಲ್ಲಿ ಆನ್‌ಲೈನ್ ತರಬೇತಿಗೆ ಶೀರ್ಷಿಕೆಗಳಿರಬೇಕು, ಸಭೆಗೆ ಲಿಖಿತ ಟಿಪ್ಪಣಿ ಇರಬೇಕು.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದಗಳು. ಕರ್ತವ್ಯಪಟ್ಟಿಯನ್ನು ಕೇಳಿದ್ದೇನೆ. ಒಂದು ಅನುಮಾನ ಉಳಿದಿದೆ: ಈ ಮನವಿ ಕೊಟ್ಟ ಕೂಡಲೇ, ಔಷಧ ಮಾಹಿತಿ ವಿಭಾಗಕ್ಕೋ ಅಡ್ಡಪರಿಣಾಮಗಳ ನಿಗಾ ವಿಭಾಗಕ್ಕೋ ಹೋಗಿ ಎಂದು ಅವರೇ ಹೇಳಿದರೆ ಒಪ್ಪಿಕೊಳ್ಳಬೇಕೇ?

ಉತ್ತರ 2ರವರಿಂದ ಮತ್ತೆ

ಆ ವಿಭಾಗಗಳು ಒಳ್ಳೆಯವೇ, ನಿಮಗೆ ಆಸಕ್ತಿಯಿದ್ದರೆ ಸಂತೋಷವಾಗಿ ಹೋಗಿ. ಆದರೆ ಇರುವ ಹುದ್ದೆಯಲ್ಲೇ ಮಾಡಬಹುದಾದ ಹೊಂದಾಣಿಕೆಗಳನ್ನು ಪ್ರಯತ್ನಿಸುವ ಮುನ್ನ ವರ್ಗಾವಣೆಯನ್ನು ಮುಂದಿಡುವುದು ಸರಿಯಲ್ಲ; ಅಮೆರಿಕದ ಉದ್ಯೋಗ ಸಮಾನತೆ ಆಯೋಗದ ಮಾರ್ಗಸೂಚಿಯೂ ಬೇರೆ ಹುದ್ದೆಗೆ ಕಳುಹಿಸುವುದನ್ನು ಕೊನೆಯ ಉಪಾಯವೆಂದೇ ಪರಿಗಣಿಸುತ್ತದೆ. ಹಾಗೆ ಹೇಳಿದರೆ, ಮೊದಲು ಈ ವ್ಯವಸ್ಥೆಗಳನ್ನು ಪ್ರಾಯೋಗಿಕವಾಗಿ ನಡೆಸಿ ನೋಡೋಣ ಎಂದು ವಿನಯವಾಗಿ ತಿಳಿಸಿ, ಮರುಪರಿಶೀಲನೆಯ ದಿನಾಂಕವನ್ನು ಅಲ್ಲೇ ಗೊತ್ತುಮಾಡಿಸಿಕೊಳ್ಳಿ. ಮಾತುಕತೆ ಮುಗಿದ ದಿನವೇ, ಒಪ್ಪಿದ್ದೇನು, ಒಪ್ಪದ್ದೇನು, ಯಾವ ಕಾರಣಕ್ಕೆ ಎಂಬುದನ್ನು ಇಮೇಲ್ ಮಾಡಿ, ಸಿಬ್ಬಂದಿ ವಿಭಾಗಕ್ಕೂ ಒಂದು ಪ್ರತಿ ಕಳುಹಿಸಿ.