ಪದಚರ್ಚೆ: ‘ಆರನೆಯ ಕೊಯಲಿಷನ್’ ಯುದ್ಧಕ್ಕೆ ಕನ್ನಡದಲ್ಲಿ ಏನೆನ್ನೋಣ?

ಪ್ರಶ್ನೆ (ಅನುವಾದಕಿ, ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಪದವಿ ವಿದ್ಯಾರ್ಥಿಗಳಿಗಾಗಿ ಯುರೋಪಿನ ಇತಿಹಾಸದ ಪುಸ್ತಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಕ್ಷೆಗಳ ಪುಟ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. 1813ರ ನಕ್ಷೆಯಲ್ಲಿ ಸಿಕ್ಕಿಕೊಂಡಿದ್ದೇನೆ. ನೆಪೋಲಿಯನ್ ಮೇಲೆ ರಷ್ಯಾ, ಪ್ರಷ್ಯಾ, ಬ್ರಿಟನ್, ಸ್ವೀಡನ್, ಆಸ್ಟ್ರಿಯಾಗಳು ನಡೆಸಿದ ಯುದ್ಧಕ್ಕೆ ಇಂಗ್ಲಿಷಿನವರು ಆರನೆಯ ‘ಕೊಯಲಿಷನ್ನಿನ’ (ಫ್ರಾನ್ಸ್ ವಿರುದ್ಧ ಆರನೆಯ ಬಾರಿ ಕೂಡಿದ ರಾಜ್ಯಗಳ) ಯುದ್ಧ ಎನ್ನುತ್ತಾರೆ. ಅದೇ ಪುಟದಲ್ಲಿ ‘ಅಲಯನ್ಸ್’ ಇದೆ, ‘ಕಾನ್ಫೆಡರೇಷನ್’ ಕೂಡ ಇದೆ. ಮೂರಕ್ಕೂ ಬೇರೆ ಬೇರೆ ಪದ ಬೇಕು. ಬಣ್ಣದ ಚೌಕದ ಪಕ್ಕದಲ್ಲಿ ಹಿಡಿಸುವಷ್ಟು ಚಿಕ್ಕದಾಗಿರಬೇಕು. ನನ್ನ ಮೇಜಿನ ಮೇಲಿರುವ ನಿಘಂಟು ಮೂರಕ್ಕೂ ಒಕ್ಕೂಟ, ಮೈತ್ರಿ, ಕೂಟ ಎಂಬ ಅದೇ ಗಂಟನ್ನು ಬಿಚ್ಚುತ್ತದೆ. ದಯವಿಟ್ಟು ಇಂದು ರಾತ್ರಿಯೊಳಗೆ ತಿಳಿಸಿ.

ಉತ್ತರ (ನಿವೃತ್ತ ಅಧ್ಯಾಪಕರು, ಧಾರವಾಡ)

ಒಕ್ಕೂಟ. ಇದರಲ್ಲಿ ಚರ್ಚೆಗೆ ಏನಿದೆ?

ಉತ್ತರ (ಅನುವಾದಕಿ, ಶಿವಮೊಗ್ಗ)

ಸರ್, ಒಕ್ಕೂಟವನ್ನು ಈಗಾಗಲೇ ಎದುರು ಪಾಳೆಯಕ್ಕೆ ಕೊಟ್ಟಾಗಿದೆ. 1806ರಲ್ಲಿ ನೆಪೋಲಿಯನ್ ಜರ್ಮನ್ ಸಂಸ್ಥಾನಗಳನ್ನು ಸೇರಿಸಿ ತನ್ನ ರಕ್ಷಣೆಯಲ್ಲಿ ಇಟ್ಟುಕೊಂಡ ವ್ಯವಸ್ಥೆಯೇ ‘ಕಾನ್ಫೆಡರೇಷನ್’. ಹಿಂದಿನ ಅಧ್ಯಾಯದಲ್ಲಿ ಅದು ‘ರೈನ್ ಒಕ್ಕೂಟ’ ಎಂದು ಅಚ್ಚಾಗಿದೆ. ನೆಪೋಲಿಯನ್ನನ ಕಡೆಯವರೂ ಒಕ್ಕೂಟ, ಅವನ ವಿರೋಧಿಗಳೂ ಒಕ್ಕೂಟ ಎಂದರೆ ಓದುವ ಹುಡುಗರು ನಕ್ಷೆಯನ್ನು ಹೇಗೆ ಬಿಡಿಸಿಕೊಳ್ಳಬೇಕು?

ಉತ್ತರ (ಲೇಖಕರು, ಮಂಡ್ಯ)

ಮೇಡಂ, ಒಕ್ಕೂಟದಲ್ಲಿ ‘ಒಕ್ಕಲು’ ಇದೆ. ಒಂದೇ ನೆಲದಲ್ಲಿ ಒಕ್ಕಲಿರುವವರ ಕೂಟ ಅದು. ರಷ್ಯಾದವನೂ ಇಂಗ್ಲೆಂಡಿನವನೂ ಒಂದೇ ನೆಲದ ಒಕ್ಕಲಲ್ಲ. ಆದ್ದರಿಂದ ನೀವು ಆ ಪದವನ್ನು ಬಿಟ್ಟದ್ದು ಸರಿ. ನನ್ನ ಸಲಹೆ ‘ಕೆಳೆಕೂಟ’. ಕೆಳೆ ಎಂದರೆ ಸ್ನೇಹ. ಹಳಗನ್ನಡದ ಕೆಳೆಯನೇ ಇಂದಿನ ಗೆಳೆಯ. ಸಂಸ್ಕೃತದ ಮೈತ್ರಿಯನ್ನು ಎರವಲು ತರುವ ಅಗತ್ಯವೇ ಇಲ್ಲ.

ಉತ್ತರ (ವ್ಯಾಕರಣ ಪಾಠ ಹೇಳುವವರು, ಮೈಸೂರು)

ಒಕ್ಕಲಿಗೂ ಒಕ್ಕೂಟಕ್ಕೂ ಯಾವ ಸಂಬಂಧವೂ ಇಲ್ಲ. ಒಕ್ಕಣ್ಣ, ಒಕ್ಕೊರಲು, ಒಕ್ಕೂಟ: ಮೂರರಲ್ಲಿಯೂ ಇರುವುದು ‘ಒಂದು’. ಅಲ್ಲಿಗೆ ಆ ವಿಷಯ ಮುಗಿಯಿತು.

ಮೈತ್ರಿಕೂಟ ಎಂದು ಯಾರಾದರೂ ಹೇಳುವ ಮೊದಲೇ ತಡೆಯುತ್ತೇನೆ. ಅದು ಅರಿಸಮಾಸ, ಎಂದರೆ ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಬೆರೆಸುವ ದೋಷ. ಮೈತ್ರಿ ಸಂಸ್ಕೃತ, ಕೂಟ ಕನ್ನಡ. ಆಡು ಆಟವಾದಂತೆ, ನೋಡು ನೋಟವಾದಂತೆ ಕೂಡು ಕೂಟವಾಗಿದೆ. ಸಂಸ್ಕೃತದಲ್ಲಿಯೂ ಕೂಟವಿದೆ ಎಂದು ವಾದಿಸುವವರು ಅಲ್ಲಿ ಅದರ ಅರ್ಥವೇನೆಂದು ನೋಡಲಿ: ಶಿಖರ, ರಾಶಿ, ಮೋಸ. ಕೂಟಸಾಕ್ಷಿ ಎಂದರೆ ಸುಳ್ಳುಸಾಕ್ಷಿ. ಆ ಅರ್ಥದಲ್ಲಿ ಮೈತ್ರಿಕೂಟ ಎಂದರೆ ಸ್ನೇಹದ ವಂಚನೆಯಾಗುತ್ತದೆ. ಹಳಗನ್ನಡದ ವ್ಯಾಕರಣಕಾರ ಕೇಶಿರಾಜ ಬಿರುದಾವಳಿಗೆ ವಿನಾಯಿತಿ ಕೊಟ್ಟಿದ್ದಾನೆ, ಪಠ್ಯಪುಸ್ತಕದ ನಕ್ಷೆಗೆ ಕೊಟ್ಟಿಲ್ಲ. ಶುದ್ಧವಾದ ಪದ ಬೇಕಿದ್ದರೆ ‘ಮಿತ್ರಮಂಡಲ’. ಶತ್ರುವಿನ ಆಚೆಗಿರುವವನು ಮಿತ್ರ ಎಂದು ಕೌಟಿಲ್ಯನ ಅರ್ಥಶಾಸ್ತ್ರ ಹೇಳುವ ಮಂಡಲದ ಲೆಕ್ಕಕ್ಕೆ ಈ ಯುದ್ಧ ಸರಿಯಾಗಿ ಕೂರುತ್ತದೆ.

ಉತ್ತರ (ಪತ್ರಿಕೆಯ ಉಪಸಂಪಾದಕರು, ಬೆಂಗಳೂರು)

ಅರಿಸಮಾಸದ ಮಾತು ಈ ಗುಂಪಿನಲ್ಲಿ ಬಾರದ ವಾರವಿಲ್ಲ. ‘ಎನ್‌ಡಿಎ ಮೈತ್ರಿಕೂಟ’ ಎಂದು ದಿನವೂ ತಲೆಬರಹ ಕೊಡುತ್ತೇವೆ, ಓದುಗರು ಓದುತ್ತಾರೆ, ಅರ್ಥವಾಗುತ್ತದೆ. ಕ್ರೀಡಾಕೂಟ, ಭೋಜನಕೂಟಗಳನ್ನು ತಿದ್ದಿ ಬನ್ನಿ, ಆಮೇಲೆ ಮೈತ್ರಿಕೂಟವನ್ನು ಬಿಡುತ್ತೇವೆ. ಮಂಡಲ ಎಂದರೆ ಇಂದಿನ ಓದುಗರಿಗೆ ನೆನಪಾಗುವುದು ಮಂತ್ರಿಮಂಡಲ.

ಉತ್ತರ (ಇತಿಹಾಸದ ಉಪನ್ಯಾಸಕರು, ಕಲಬುರಗಿ)

ಪದದ ಬೇರನ್ನು ಅಗೆಯುವುದಕ್ಕೆ ಮೊದಲು ಆ ವಸ್ತು ಹೇಗಿತ್ತು ಎಂಬುದನ್ನು ನೋಡೋಣ. ಈ ಯುದ್ಧವನ್ನು ವರ್ಷಗಳಿಂದ ತರಗತಿಯಲ್ಲಿ ಹೇಳುತ್ತಿದ್ದೇನೆ. ತಪ್ಪು ಪದದಿಂದ ವಿದ್ಯಾರ್ಥಿಗಳ ತಲೆಯಲ್ಲಿ ತಪ್ಪು ಚಿತ್ರ ಕೂರುವುದನ್ನು ಕಂಡಿದ್ದೇನೆ.

1813ರಲ್ಲಿ ಎಲ್ಲರೂ ಒಟ್ಟಿಗೆ ಕುಳಿತು ಒಂದು ಕಾಗದಕ್ಕೆ ಸಹಿ ಹಾಕಲಿಲ್ಲ. ಫೆಬ್ರವರಿಯಲ್ಲಿ ಕಾಲಿಶ್ ಎಂಬಲ್ಲಿ ರಷ್ಯಾ ಮತ್ತು ಪ್ರಷ್ಯಾ ಒಪ್ಪಂದ ಮಾಡಿಕೊಂಡವು. ಬ್ರಿಟನ್ ಸ್ವೀಡನ್ನಿನ ಜತೆ ಬೇರೆ ಮಾಡಿಕೊಂಡಿತು. ಜೂನ್‌ನಲ್ಲಿ ರೈಖೆನ್‌ಬಾಖ್‌ನಲ್ಲಿ ಬ್ರಿಟನ್ ರಷ್ಯಾಕ್ಕೂ ಪ್ರಷ್ಯಾಕ್ಕೂ ಹಣದ ಮಾತು ಕೊಟ್ಟಿತು. ಆಸ್ಟ್ರಿಯಾ ಬಂದದ್ದು ಆಗಸ್ಟ್‌ನಲ್ಲಿ. ಅದರ ಚಕ್ರವರ್ತಿ ಫ್ರಾನ್ಸಿಸ್ ನೆಪೋಲಿಯನ್ನನ ಸ್ವಂತ ಮಾವ. ಮಗಳು ಮಾರಿ ಲೂಯಿಸ್ ಫ್ರಾನ್ಸಿನ ಮಹಾರಾಣಿಯಾಗಿ ಪ್ಯಾರಿಸ್ಸಿನಲ್ಲಿ ಇದ್ದಳು. ಸ್ವೀಡನ್ ಕಡೆಯಿಂದ ಉತ್ತರದ ಸೈನ್ಯವನ್ನು ನಡೆಸಿದ ಯುವರಾಜ ಬರ್ನಡಾಟ್ ನೆಪೋಲಿಯನ್ನನ ಕೈಕೆಳಗೇ ಮಾರ್ಷಲ್ ಆಗಿದ್ದವನು. ಒಬ್ಬರಿಗೆ ಪೋಲೆಂಡ್ ಬೇಕಿತ್ತು, ಒಬ್ಬರಿಗೆ ನಾರ್ವೆ ಬೇಕಿತ್ತು, ಇನ್ನೊಬ್ಬರಿಗೆ ರಷ್ಯಾ ತೀರಾ ಬೆಳೆದೀತೆಂಬ ಭಯ. ಇದನ್ನು ಕೆಳೆ ಎನ್ನಲು, ಮೈತ್ರಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ‘ಒಂದು’ ಎಂದೂ ಹೇಳಲಾಗದು.

ಆದರೂ ಅವರು ಕೂಡಿದ್ದರು, ಆ ಕೂಡುವಿಕೆಯಿಂದಲೇ ಗೆದ್ದರು. ಜುಲೈನಲ್ಲಿ ಟ್ರಾಖೆನ್‌ಬೆರ್ಗ್‌ನಲ್ಲಿ ಹಾಕಿದ ಯೋಜನೆಯ ಸಾರ ಇಷ್ಟು: ಎದುರಿಗೆ ನೆಪೋಲಿಯನ್ ಖುದ್ದಾಗಿ ಬಂದರೆ ಹಿಂದೆ ಸರಿಯಿರಿ, ಅವನ ದಂಡನಾಯಕರು ಬಂದರೆ ಬಿಡಬೇಡಿ. ಆಗಸ್ಟ್ 26, 27ರಂದು ಡ್ರೆಸ್ಡನ್ನಿನಲ್ಲಿ ನೆಪೋಲಿಯನ್ ಗೆದ್ದ. ಅದೇ 26ರಂದು ಕಾಟ್ಸ್‌ಬಾಖ್ ಹೊಳೆಯ ಬಳಿ ಪ್ರಷ್ಯಾದ ಬ್ಲ್ಯೂಶರ್ ನೆಪೋಲಿಯನ್ನನ ದಂಡನಾಯಕ ಮ್ಯಾಕ್‌ಡೊನಾಲ್ಡನ ಸೈನ್ಯವನ್ನು ತುಂಬಿ ಹರಿಯುತ್ತಿದ್ದ ನೀರಿಗೆ ನೂಕಿದ. ಗ್ರೋಸ್‌ಬೇರೆನ್‌ನಲ್ಲಿ ಊಡಿನೋ ಸೋತಿದ್ದ. ಕುಲ್ಮ್‌ನಲ್ಲಿ ವಾಂಡಮ್ ಸೆರೆಯಾದ. ಸೆಪ್ಟೆಂಬರ್ 6ರಂದು ಡೆನ್ನೆವಿಟ್ಸ್‌ನಲ್ಲಿ ಮಾರ್ಷಲ್ ನೇ ಸೋತ. ಒಡೆಯ ಗೆದ್ದಲ್ಲೆಲ್ಲ ಆಳುಗಳು ಕಳೆದುಕೊಂಡರು. ಅಕ್ಟೋಬರ್ 16ರಿಂದ 19ರವರೆಗೆ ಲೈಪ್‌ತ್ಸಿಗ್‌ನಲ್ಲಿ ಐದು ಲಕ್ಷಕ್ಕೂ ಹೆಚ್ಚು ಸೈನಿಕರು ಎದುರುಬದುರಾದಾಗ ಲೆಕ್ಕ ಚುಕ್ತಾ ಆಯಿತು.

ನಾಲ್ಕು ದೊಡ್ಡ ರಾಜ್ಯಗಳು (ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ, ಬ್ರಿಟನ್) ಒಂದೇ ಕಟ್ಟಿಗೆ ಬಂದದ್ದು 1814ರ ಮಾರ್ಚ್‌ನಲ್ಲಿ, ಶೋಮೋಂ ಒಪ್ಪಂದದಲ್ಲಿ. ತಲಾ ಒಂದೂವರೆ ಲಕ್ಷ ಸೈನಿಕರು, ಬ್ರಿಟನ್ನಿನಿಂದ 50 ಲಕ್ಷ ಪೌಂಡ್, ಯಾರೂ ಪ್ರತ್ಯೇಕವಾಗಿ ಸಂಧಿ ಮಾಡಿಕೊಳ್ಳಕೂಡದು, ಅವಧಿ 20 ವರ್ಷ. ಇದು ಅಲಯನ್ಸ್. ಇದಕ್ಕೆ ‘ಮೈತ್ರಿ’ ಎನ್ನಿ, ಒಪ್ಪುತ್ತೇನೆ, ಬರೆದ ಕರಾರಿದೆ. ಅದಕ್ಕೆ ಮೊದಲಿನದು ಬರಿಯ ‘ಕೂಟ’. ಮೇಡಂ, ‘ಆರನೆಯ ಕೂಟ’ ಎಂದು ಬರೆಯಿರಿ. ಯಾವ ವಿಶೇಷಣವೂ ಬೇಡ.

ಉತ್ತರ (ಮಂಡ್ಯ)

ಮೈತ್ರಿಯನ್ನು ಹಿಂಬಾಗಿಲಿನಿಂದ ಮತ್ತೆ ತಂದಿರಿ. ಬರೆದ ಕರಾರಿಗೆ ಕನ್ನಡದಲ್ಲಿ ‘ಒಡಂಬಡಿಕೆ’ ಇದೆ. ಕೆಳೆಕೂಟ ಬೇಡವಾದರೆ ‘ಕೂಡುಪಡೆ’ ಎನ್ನಿ.

ಉತ್ತರ (ಕಲಬುರಗಿ)

ಪಡೆ ಎಂದರೆ ದಂಡು. ಈ ಯುದ್ಧದಲ್ಲಿ ಬ್ರಿಟನ್ನಿನ ಖಜಾನೆಯೂ ಹೋರಾಡಿದೆ. ಕೂಡುಪಡೆ ಸಾಲದು.

ಉತ್ತರ (ಕನ್ನಡಿಗರು, ನ್ಯೂಜೆರ್ಸಿ)

ಇಲ್ಲಿ ನಮಗೆ ಕೂಟ ಎಂದರೆ ಕನ್ನಡ ಕೂಟ: ಯುಗಾದಿ, ರಾಜ್ಯೋತ್ಸವ, ಮಕ್ಕಳ ನಾಟಕ. ‘ಆರನೆಯ ಕೂಟದ ಯುದ್ಧ’ ಎಂದು ಓದಿದರೆ ಇಲ್ಲಿನ ನಮ್ಮ ಮಕ್ಕಳು ಏನೆಂದುಕೊಳ್ಳಬೇಕು? ‘ಕೊಯಲಿಷನ್’ ಎಂದೇ ಬಿಡಿ. ಅಂತರರಾಷ್ಟ್ರೀಯ ಪಾರಿಭಾಷಿಕ ಪದಗಳನ್ನು ಇದ್ದ ಹಾಗೆ ಉಳಿಸಿಕೊಂಡರೆ ವಿದ್ಯಾರ್ಥಿ ಮುಂದೆ ಇಂಗ್ಲಿಷ್ ಪುಸ್ತಕ ಹಿಡಿದಾಗ ತಡವರಿಸುವುದಿಲ್ಲ.

ಉತ್ತರ (ಕಲಬುರಗಿ)

ಅದು ಅಂತರರಾಷ್ಟ್ರೀಯ ಪದ ಎಂದವರು ಯಾರು? ಜರ್ಮನ್ನರಿಗೆ ಈ ಯುದ್ಧ ‘ಬಿಡುಗಡೆಯ ಯುದ್ಧ’ಗಳ ಭಾಗ. ರಷ್ಯನ್ನರು 1812ರದನ್ನು ‘ದೇಶಭಕ್ತಿಯ ಯುದ್ಧ’ ಎಂದು, 1813–14ರದನ್ನು ‘ಗಡಿಯಾಚೆಯ ದಂಡಯಾತ್ರೆ’ ಎಂದು ಕರೆಯುತ್ತಾರೆ. ಆರು, ಏಳು ಎಂಬ ಎಣಿಕೆ ಇತಿಹಾಸಕಾರರು ಆಮೇಲೆ ಹಾಕಿದ್ದು. ಲೈಪ್‌ತ್ಸಿಗ್‌ನ ಮಣ್ಣಿನಲ್ಲಿ ಬಿದ್ದ ಸೈನಿಕನಿಗೆ ತಾನು ಆರನೆಯದರಲ್ಲಿ ಇದ್ದೇನೆ ಎಂದು ಗೊತ್ತಿರಲಿಲ್ಲ.

ಉತ್ತರ (ಮಂಡ್ಯ)

ನ್ಯೂಜೆರ್ಸಿಯವರಿಗೆ ಒಂದೇ ಪ್ರಶ್ನೆ. ರೈಲು ನಮ್ಮಲ್ಲಿ ಇರಲಿಲ್ಲ, ರೈಲು ಎಂದೆವು. ಕೂಡುವುದು ನಮಗೆ ಗೊತ್ತಿರಲಿಲ್ಲವೇ? 1790ರಲ್ಲಿ ಇಂಗ್ಲಿಷರು, ಮರಾಠರು, ನಿಜಾಮ ಕೂಡಿಕೊಂಡು ಟಿಪ್ಪುವಿನ ಮೇಲೆ ಬಂದರು. 1792ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅರ್ಧ ರಾಜ್ಯವನ್ನು ಮೂವರೂ ಹಂಚಿಕೊಂಡರು. ನಮ್ಮ ನೆಲದ ಮೇಲೆ ನಡೆದುಹೋದ ಸಂಗತಿಗೆ ಇಂಗ್ಲಿಷಿನಿಂದ ಹೆಸರು ಬೇಡಬೇಕೇ?

ಉತ್ತರ (ಬೆಂಗಳೂರು)

ಎರವಲನ್ನು ಕಂಡರೆ ಉರಿದುಬೀಳುವವರು 1813ರ ರಣರಂಗವನ್ನು ವರ್ಣಿಸಿ ನೋಡಲಿ. ಫಿರಂಗಿ ಬೇಕೇ ಬೇಕು. ಆ ಪದ ಫ್ರಾಂಕರ ಹೆಸರಿನಿಂದ ಹುಟ್ಟಿ, ಪಾರಸಿಯ ಮೂಲಕ ಬಂದು, ನಮ್ಮಲ್ಲಿ ಆಯುಧವಾಗಿ ನಿಂತಿದೆ. ತೋಪು ಎಂದರೂ ಹೊರಗಿನದೇ. ಬಂದೂಕು, ಸಿಪಾಯಿ, ಖಜಾನೆ, ಕರಾರು ಎಲ್ಲವೂ ಬಂದವು, ಕನ್ನಡ ಸಾಯಲಿಲ್ಲ. ನನ್ನ ತಕರಾರು ಎರವಲಿನ ಮೇಲಲ್ಲ. ಅರ್ಥವಾಗುವ ಪದ ಕೈಯಲ್ಲಿರುವಾಗ ಅರ್ಥವಾಗದ ಪದವನ್ನು ತರುವುದರ ಮೇಲೆ. ಅದು ಇಂಗ್ಲಿಷಿನಿಂದ ಬಂದರೂ ಸರಿ, ಹಳಗನ್ನಡದಿಂದ ಬಂದರೂ ಸರಿ.

ಉತ್ತರ (ಮಂಡ್ಯ)

ಹಳಗನ್ನಡ ಹೊರಗಿನದಲ್ಲ. ಈ ಮಾತನ್ನು ಒಪ್ಪದವರೊಡನೆ ಚರ್ಚೆ ಸಾಧ್ಯವಿಲ್ಲ.

ಉತ್ತರ (ಮೈಸೂರು)

ಎಲ್ಲರೂ ಎರವಲಿನಲ್ಲಿ ಮುಳುಗಿದ್ದೀರಿ. ‘ಆರನೆಯ ಕೂಟದ ಯುದ್ಧ’ ಎಂಬಲ್ಲಿ ‘ಆರನೆಯ’ ಯಾವುದಕ್ಕೆ ಸೇರುತ್ತದೆ? ಕೂಟಕ್ಕೋ, ಯುದ್ಧಕ್ಕೋ? ಒಂದೇ ಕೂಟ ಆರು ಯುದ್ಧ ಮಾಡಿತು ಎಂದೂ ಓದಬಹುದು. ಜತೆಗೆ ‘ಕೂಟದ’ ಎಂಬ ಷಷ್ಠೀ ವಿಭಕ್ತಿಯಿಂದ ಯುದ್ಧ ಯಾರ ಮೇಲೆ ಎಂಬುದೂ ತಿಳಿಯದು. ಇದು ಅರಿಸಮಾಸಕ್ಕಿಂತ ದೊಡ್ಡ ದೋಷ.

ಉತ್ತರ (ಅನುವಾದಕಿ, ಶಿವಮೊಗ್ಗ)

ಇದು ಸರಿಯಾದ ಆಕ್ಷೇಪ. ತಲೆಬರಹದಿಂದ ‘ಯುದ್ಧ’ವನ್ನೇ ತೆಗೆದಿದ್ದೇನೆ: ‘ನೆಪೋಲಿಯನ್ ವಿರುದ್ಧ ಆರನೆಯ ಕೂಟ, 1813–1814’. ಚೌಕಗಳ ಪಕ್ಕದಲ್ಲಿ ‘ಆರನೆಯ ಕೂಟ’, ‘ರೈನ್ ಒಕ್ಕೂಟ’, ‘ಫ್ರೆಂಚ್ ಸಾಮ್ರಾಜ್ಯ’. ಪಠ್ಯದಲ್ಲಿ ಶೋಮೋಂ ಮಾತ್ರ ‘ಮೈತ್ರಿ’. 1815ರ ನವೆಂಬರ್‌ನಲ್ಲಿ ಅದೇ ನಾಲ್ವರು ನವೀಕರಿಸಿದ್ದಕ್ಕೆ ‘ಚತುಷ್ಟಯ ಮೈತ್ರಿ’ ಎನ್ನುತ್ತೇನೆ. ಮಂಡ್ಯದವರ ‘ಒಡಂಬಡಿಕೆ’ಯನ್ನು ಕಾಲಿಶ್, ರೈಖೆನ್‌ಬಾಖ್‌ಗಳಿಗೆ ಇಟ್ಟುಕೊಂಡಿದ್ದೇನೆ, ಅಲ್ಲಿ ಅದು ಚೆನ್ನಾಗಿ ಹೊಂದುತ್ತದೆ. ಕಲಬುರಗಿಯ ಸರ್, ಒಂದು ಮಾತು ಬಾಕಿ. ಬವೇರಿಯಾ ಮತ್ತು ಸ್ಯಾಕ್ಸನಿಗೆ ಯಾವ ಬಣ್ಣ?

ಉತ್ತರ (ಕಲಬುರಗಿ)

ನಕ್ಷೆ ಯಾವ ದಿನದ್ದು ಎಂಬುದರ ಮೇಲೆ ಹೋಗುತ್ತದೆ. ಬವೇರಿಯಾ ಅಕ್ಟೋಬರ್ 8ರಂದು ರೀಡ್ ಒಪ್ಪಂದದಿಂದ ಈ ಕಡೆಗೆ ಬಂತು, ಲೈಪ್‌ತ್ಸಿಗ್‌ಗೆ ಒಂದು ವಾರ ಮೊದಲು. ನಿಮ್ಮದು ಲೈಪ್‌ತ್ಸಿಗ್ ನಕ್ಷೆಯಾದರೆ ಅದಕ್ಕೆ ಕೂಟದ ಬಣ್ಣ ಹಾಕಿ. ಸ್ಯಾಕ್ಸನಿ ಕಷ್ಟ. 18ರಂದು ಯುದ್ಧದ ನಡುವೆಯೇ ಸ್ಯಾಕ್ಸನ್ ತುಕಡಿಗಳು ಕೂಟದ ಕಡೆಗೆ ನಡೆದುಬಿಟ್ಟವು. ಅವರ ದೊರೆ ಫ್ರೆಡೆರಿಕ್ ಆಗಸ್ಟಸ್ ಮಾತ್ರ ನೆಪೋಲಿಯನ್ ಪಕ್ಷದಲ್ಲೇ ಉಳಿದು, ಊರು ಬಿದ್ದಾಗ ಕೈಸೆರೆಯಾದ. ಪಟ್ಟೆಪಟ್ಟೆಯಾಗಿ ಎರಡೂ ಬಣ್ಣ ಕೊಡಿ, ಕೆಳಗೆ ‘ಸೈನ್ಯ ಪಕ್ಷ ಬದಲಿಸಿತು, 18 ಅಕ್ಟೋಬರ್’ ಎಂದು ಬರೆಯಿರಿ.

ಉತ್ತರ (ಮೈಸೂರು)

‘ಚತುಷ್ಟಯ ಮೈತ್ರಿ’ ಅಲ್ಲ, ‘ಚತುರ್ಮೈತ್ರಿ’.

ಉತ್ತರ (ಬೆಂಗಳೂರು)

‘ನಾಲ್ವರ ಮೈತ್ರಿ’. ಹತ್ತೊಂಬತ್ತು ವರ್ಷದ ಹುಡುಗಿ ಓದುವ ಪುಸ್ತಕ ಅದು.