ಮಗಳಿಗೆ ಕ್ಯಾಲ್ಸಿಯಂ ಕಡಿಮೆ, ಈಗ ಮೈಯೂ ಕಪ್ಪಾಗುತ್ತಿದೆ

ಪ್ರಶ್ನೆ (ಸಿಂಧನೂರಿನ ತಾಯಿ): ಸರ್, ಮಗಳಿಗೆ 11 ವರ್ಷ. ಮೂರು ವರ್ಷದವಳಿದ್ದಾಗಿನಿಂದ ಬಾಯಲ್ಲಿ ಬಿಳಿ ಫಂಗಸ್ ಬಂದು ಹೋಗುತ್ತಿದೆ. ಏಳನೇ ವರ್ಷ ಕೈ ಸೆಟೆದು ಫಿಟ್ಸ್ ಬಂತು. ಕತ್ತಿನಲ್ಲಿದ್ದು ಕ್ಯಾಲ್ಸಿಯಂ ನೋಡಿಕೊಳ್ಳುವ ಪ್ಯಾರಾಥೈರಾಯ್ಡ್ ಗ್ರಂಥಿ ಕೆಲಸ ಮಾಡುತ್ತಿಲ್ಲ, ಕ್ಯಾಲ್ಸಿಯಂ ಕಡಿಮೆ ಅಂದರು. ಮಾತ್ರೆ ನಡೆದಿದೆ. ನಾಲ್ಕು ತಿಂಗಳಿಂದ ಮೈ ಕಪ್ಪಾಗುತ್ತಿದೆ, ತುಂಬಾ ಸುಸ್ತು, ಉಪ್ಪು ನೆಕ್ಕುತ್ತಾಳೆ. ರಾಯಚೂರು ಸೀಮೆಯ ಬಿಸಿಲಿಗೆ ಕಪ್ಪಾಗದೆ ಏನು ಅಂತಾರೆ ಮನೆಯ ಹಿರಿಯರು. ಹೌದಾ?

ಉತ್ತರ (ಹಾರ್ಮೋನ್ ತಜ್ಞರು): ತಾಯಿ, ಇದನ್ನು ಬಿಸಿಲು ಅಂತ ಬಿಡಬೇಡಿ. ಅಂಗೈ ಗೆರೆ, ಒಸಡು, ಬಟ್ಟೆ ಮುಚ್ಚಿದ ಜಾಗ ನೋಡಿ. ಅಲ್ಲೂ ಕಪ್ಪಾಗಿದ್ದರೆ ಬಿಸಿಲಿನದ್ದಲ್ಲ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಸೋಲುತ್ತಿರಬಹುದು. ಅದು ಸೋತರೆ ಮೈಯ ಉಪ್ಪು ಮೂತ್ರದಲ್ಲಿ ಹೋಗುತ್ತದೆ, ಅದಕ್ಕೇ ಮಗು ಉಪ್ಪು ಹುಡುಕುತ್ತದೆ.

ಬಾಯಿ ಫಂಗಸ್, ಪ್ಯಾರಾಥೈರಾಯ್ಡ್, ಅಡ್ರಿನಲ್. ಈ ಮೂರರಲ್ಲಿ ಎರಡು ಸೇರಿದರೂ ನಾವು ಎಪಿಎಸ್-1 ಎಂಬ ಅಪರೂಪದ ಕಾಯಿಲೆ ಅನ್ನುತ್ತೇವೆ. ನಿಮ್ಮ ಮಗಳಿಗೆ ಎರಡು ಆಗಲೇ ಇವೆ. ರೋಗದ ವಿರುದ್ಧ ಹೋರಾಡುವ ಕಣಗಳಿಗೆ 'ಇದು ನಮ್ಮ ಮೈ, ಮುಟ್ಟಬೇಡ' ಅಂತ ಕಲಿಸಲು ಏರ್ ಎಂಬ ಜೀನ್ ಬೇಕು. ಅದು ಕೆಟ್ಟರೆ ಅವು ನಮ್ಮ ಗ್ರಂಥಿಗಳನ್ನೇ ಒಂದೊಂದಾಗಿ ಹಾಳು ಮಾಡುತ್ತವೆ.

ಈ ವಾರವೇ ಬೆಳಿಗ್ಗೆ 8ಕ್ಕೆ ರಕ್ತದಲ್ಲಿ ಕಾರ್ಟಿಸಾಲ್ (ಅಡ್ರಿನಲ್ ಮಾಡುವ ಹಾರ್ಮೋನ್), ಎಸಿಟಿಎಚ್ (ಅಡ್ರಿನಲ್‌ಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್), ಜೊತೆಗೆ ಸೋಡಿಯಂ, ಪೊಟ್ಯಾಷಿಯಂ ಪರೀಕ್ಷೆ ಮಾಡಿಸಿ. ಅಷ್ಟರಲ್ಲಿ ವಾಂತಿ, ತಲೆಸುತ್ತು ಬಂದರೆ ಕಾಯಬೇಡಿ, ರಾತ್ರಿಯಾದರೂ ದೊಡ್ಡ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಅಂಗೈ ಗೆರೆ ಕಪ್ಪಾಗಿದೆ ಸರ್. ನಾನು ಸೋದರಮಾವನನ್ನೇ ಮದುವೆಯಾದವಳು. ನಮ್ಮಿಂದಲೇ ಬಂತಾ? ನಾಲ್ಕು ವರ್ಷದ ಮಗನೂ ಇದ್ದಾನೆ. ಸ್ಟಿರಾಯ್ಡ್ ಕೊಡ್ತಾರಂತೆ, ಭಯ ಆಗುತ್ತೆ.

ಉತ್ತರ: ಹಾಗಾದರೆ ನಾಳೆಯೇ ಹೋಗಿ ತಾಯಿ. ತಪ್ಪು ಯಾರದ್ದೂ ಅಲ್ಲ. ಕೆಟ್ಟ ಜೀನ್ ಒಂದೇ ಇದ್ದರೆ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗಿಲ್ಲ. ಒಂದೇ ಮನೆತನದಲ್ಲಿ ಮದುವೆಯಾದಾಗ ಇಬ್ಬರಲ್ಲೂ ಅದೇ ಜೀನ್ ಇರುವ ಸಾಧ್ಯತೆ ಜಾಸ್ತಿ, ಅಷ್ಟೇ. ಆಗ ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಸೇರಿ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮಗನಿಗೆ ಕ್ಯಾಲ್ಸಿಯಂ ನೋಡಿಸಿ, ಆಮೇಲೆ ಜೀನ್ ಪರೀಕ್ಷೆ.

ನೀವು ಹೇಳಿದ ಸ್ಟಿರಾಯ್ಡ್, ಅಂದರೆ ಹೈಡ್ರೋಕಾರ್ಟಿಸೋನ್‌ಗೆ ಹೆದರಬೇಡಿ. ಮೈ ತಾನೇ ಮಾಡಿಕೊಳ್ಳಬೇಕಿದ್ದದ್ದನ್ನು ನಾವು ಹೊರಗಿನಿಂದ ಕೊಡುತ್ತೇವೆ. ಒಂದು ದಿನವೂ ನಿಲ್ಲಿಸಬಾರದು. ಜ್ವರ ಬಂದರೆ ಎರಡು ಮೂರು ಪಟ್ಟು ಕೊಡಬೇಕಾಗುತ್ತದೆ, ವಾಂತಿಯಾದರೆ ಇಂಜೆಕ್ಷನ್ನೇ ಬೇಕು. ಎಷ್ಟು ಅಂತ ನಿಮ್ಮ ಡಾಕ್ಟರ ಹತ್ತಿರ ಚೀಟಿಯಲ್ಲಿ ಬರೆಸಿಕೊಳ್ಳಿ. ಒಂದು ಪ್ರತಿ ಅವಳ ಶಾಲೆಯ ಚೀಲದಲ್ಲೂ ಇರಲಿ.