ಸಹಾಯ ಬೇಕು: ಅಲಾಸ್ಕಾ ಹಡಗು ಮೊದಲೋ, ಡೆನಾಲಿ ಮೊದಲೋ?
ನಮಸ್ಕಾರ. ಜೂನ್‌ನಲ್ಲಿ ನಾಲ್ಕು ಜನ, ಇಬ್ಬರು ಹಿರಿಯರು. ಸಿಯಾಟಲ್‌ನಿಂದ ಹೊರಟು ಅಲ್ಲಿಗೇ ಮರಳುವ ಹಡಗು ಬೇಡ, ಅಲಾಸ್ಕಾ ಒಳನಾಡಿನ ಡೆನಾಲಿ ಶಿಖರ, ಪಾರ್ಕ್ ಕೈತಪ್ಪುತ್ತದೆ. ವ್ಯಾಂಕೂವರ್–ವಿಟಿಯರ್ (ಆಂಕರೇಜ್ ಬಳಿಯ ಬಂದರು) ಏಳು ರಾತ್ರಿಯ ಒನ್‌ವೇ ನೋಡಿದ್ದೇವೆ. ದಾರಿಯಲ್ಲಿ ಗ್ಲೇಸಿಯರ್ ಬೇ (ಹಿಮನದಿಗಳ ಕೊಲ್ಲಿ) ಇರಲೇಬೇಕು. ಅಲ್ಲಿಗೆ ದಿನಕ್ಕೆ ಎರಡೇ ದೊಡ್ಡ ಹಡಗು ಬಿಡುವುದರಿಂದ ಎಲ್ಲ ಹಡಗಿಗೂ ಆ ಭಾಗ್ಯವಿಲ್ಲ. ಅಮೆರಿಕ, ಕೆನಡಾ ಎರಡೂ ವೀಸಾ ಆಗಿವೆ.

ತಲೆಕೆಟ್ಟಿರುವುದು ನೆಲದ ಭಾಗಕ್ಕೆ. ಡೆನಾಲಿ ಮೊದಲು ನೋಡಿ ವಿಟಿಯರ್‌ನಲ್ಲಿ ಹಡಗು ಹತ್ತುವುದಾದರೆ, ರೈಲು ತಡವಾದರೆ ಹಡಗು ಕಾಯುವುದಿಲ್ಲ. ಆಂಕರೇಜ್‌ನಲ್ಲಿ ಒಂದು ರಾತ್ರಿ ಹೆಚ್ಚುವರಿ ಸಾಕೇ? ವಿಟಿಯರ್‌ಗೆ ಹೋಗುವ ಸುರಂಗ ಒಂದೇ ಲೇನ್, ರೈಲು-ಕಾರು ಎರಡಕ್ಕೂ ಅದೇ, ಸರದಿ ತಪ್ಪಿದರೆ ಕಾಯಬೇಕು. ಸಾಮಾನಿನೊಂದಿಗೆ ಬಸ್ಸು ಒಳ್ಳೆಯದೋ, ರೈಲೋ?

2021ರ ಭೂಕುಸಿತದ ನಂತರ ಪಾರ್ಕ್ ಬಸ್ಸು 43ನೇ ಮೈಲಿಯಿಂದಲೇ ತಿರುಗುತ್ತಿತ್ತು. ಅಷ್ಟಕ್ಕೆ ಎರಡು ರಾತ್ರಿ ಸಾಕೋ, ಮೂರು ಬೇಕೋ? ಮೋಡ ಸರಿದು ಶಿಖರ ಕಾಣುವುದು ಅದೃಷ್ಟ ಅಂತ ಗೊತ್ತು. ಇನ್ನು ಹಡಗಿನಲ್ಲಿ ಉತ್ತರಕ್ಕೆ ಹೋಗುವಾಗ ಬಲಗಡೆ ಬಾಲ್ಕನಿಗೆ ಹೆಚ್ಚು ದುಡ್ಡು ಕೊಡಬಹುದೇ? ಹೋಗಿಬಂದವರು ತಿಳಿಸಿ.